ಐದನೆಯ ರುಜು

ಭಾನುವಾರದ ಊಟ ಮುಗಿದಿತ್ತು. ಆಲೂಗಡ್ಡೆ ಮುದ್ದೆಯ ಮೇಲೆ ಸುರಿದುಕೊಂಡಿದ್ದ ನೂಡಲ್ಸಿನ ಕೊನೆಯ ಎಳೆಗಳನ್ನು ಬ್ರೆಡ್ಡಿನ ತುಂಡಿನಿಂದ ಬಳಿದು ತಿಂದು ಲೀಲಂಡ್ ಸೂಟರ್ ತಟ್ಟೆ ಸರಿಸಿದರು. ಕೈ ಒರೆಸಿಕೊಂಡು, ಸರ್ಕಾರದ ಮೇಲೆ ಹಾಕುವ ಕೇಸಿಗೆಂದು ವಕೀಲ ಕಳಿಸಿದ್ದ ಕಾಗದವನ್ನು ಮೇಜಿನ ನಡುವೆ ಇಟ್ಟರು. ಅವರ ಮೊಟ್ಟೆ ನೂಡಲ್ಸ್ ಕಾರ್ಖಾನೆಗೆ ಮನೆಯ ಐದು ಜನರೇ ಒಡೆಯರು: ಲೀಲಂಡ್, ಅವರ ಹೆಂಡತಿ ರೋಡಾ, ಲೆಕ್ಕಪತ್ರ ನೋಡುವ ಮಗಳು ಲವಾನ್, ಯಂತ್ರಗಳನ್ನು ನೋಡಿಕೊಳ್ಳುವ ಮಗ ಆರ್ಲಿನ್, ಆರ್ಲಿನನ ಹೆಂಡತಿ ಮಾರ್ಲಿಸ್. ಐವರೂ ರುಜು ಹಾಕಬೇಕಿತ್ತು.

ಲೀಲಂಡ್ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ಗರ್ಭ ಕಟ್ಟಿದ ಗಳಿಗೆಯಿಂದಲೇ ಅದು ದೇವರು ಕೊಟ್ಟ ಜೀವವೆಂದು ನಾವು ನಂಬುತ್ತೇವೆ. ಆ ಜೀವ ಒಡಲಲ್ಲಿ ನೆಲೆಯೂರದಂತೆ ತಡೆಯಬಹುದಾದ ವಂಕಿಗಾಗಲಿ ಮಾತ್ರೆಗಾಗಲಿ ನಮ್ಮ ಕೆಲಸಗಾರರ ವಿಮೆಯ ಮೂಲಕ ಹಣ ಕೊಡುವುದು ನಮ್ಮ ಪಾಲಿಗೆ ಪಾಪ. ನಾವಾಗಲಿ, ನಮ್ಮ ಮನೆಯಾಗಲಿ ಅದರಲ್ಲಿ ಪಾಲುಗೊಳ್ಳಲಾರೆವು.

ದಿನಾ ನುಂಗುವ ಮಾತ್ರೆಗೆ, ಗಂಡಸರ ಆಪರೇಷನ್ನಿಗೆ ಅವರ ತಕರಾರಿರಲಿಲ್ಲ. ತಕರಾರಿದ್ದದ್ದು ಗರ್ಭಕೋಶದೊಳಗೆ ಇಡುವ ವಂಕಿಗೆ, ಮಾರನೆಯ ದಿನ ನುಂಗುವ ಮಾತ್ರೆಗೆ. ಹೊಸ ಆರೋಗ್ಯ ಕಾನೂನು ಎಲ್ಲವನ್ನೂ ವಿಮೆಯಲ್ಲಿ ಸೇರಿಸಲೇಬೇಕೆಂದಿತ್ತು. ಸೇರಿಸದಿದ್ದರೆ ಒಬ್ಬೊಬ್ಬ ಕೆಲಸಗಾರನ ತಲೆಗೆ ದಿನದಿನಕ್ಕೂ ದಂಡ. ಮುಂದಿನ ಕ್ರಿಸ್‌ಮಸ್ಸಿನ ಹೊತ್ತಿಗೆ ಕಾರ್ಖಾನೆಗೆ ಬೀಗ ಬೀಳುವುದು ಖಂಡಿತವಾಗಿತ್ತು.

"ನನ್ನಜ್ಜ ಬಂದೂಕು ಹಿಡಿಯಲ್ಲ ಅಂತ ಜೈಲಿಗೆ ಹೋದ," ಎಂದರು ರೋಡಾ, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತ. "ಆದ್ರೆ ಸರ್ಕಾರದ ಮೇಲೆ ಕೇಸು ಹಾಕ್ಲಿಲ್ಲ. ನಮ್ಮ ಮೆನೊನೈಟ್ ಪಂಥದವನು ಕೋರ್ಟು ಮೆಟ್ಟಿಲು ಹತ್ತಬಾರದು ಅಂತಿದ್ದ. ನಾವು ನೋಡಿದ್ರೆ ವಕೀಲನ್ನ ಸಾಕ್ತಿದೀವಿ. ಹೋಗುವಾಗ ಅವನ ಕೈಗೆ ಆಪಲ್ ಪೈ ಬೇರೆ ಕಟ್ಟಿಕೊಡ್ತೀವಿ."

"ಜೈಲಿಗೆ ಹೋಗೋದು ನನಗೂ ಸುಲಭ ಕಣೇ," ಎಂದರು ಲೀಲಂಡ್. "ಕೆಲಸ ಮಾಡೋ ಎಂಬತ್ತು ಜನರನ್ನ ಜೊತೇಲಿ ಕರ್ಕೊಂಡು ಹೋಗೋಕಾಗುತ್ತಾ?"

ಅವರು ರುಜು ಹಾಕಿದರು. ಗೊಣಗುತ್ತಲೇ ರೋಡಾ ಹಾಕಿದರು. ಲವಾನ್ ಹಾಕಿದಳು. ಆರ್ಲಿನ್ ಓದದೆ ಹಾಕಿ ಪೆನ್ನನ್ನು ಹೆಂಡತಿಯ ಕಡೆಗೆ ತಳ್ಳಿದ. ತಳ್ಳುವಾಗ ಅವಳ ಮುಖ ನೋಡಲಿಲ್ಲ.

ಕಾಗದದಲ್ಲಿ 'ಆಣೆಯಿಟ್ಟು ಹೇಳುತ್ತೇನೆ' ಎಂಬಲ್ಲಿ ಗೀಟು ಹೊಡೆದು 'ದೃಢವಾಗಿ ಹೇಳುತ್ತೇನೆ' ಎಂದು ತಿದ್ದಿತ್ತು. ಅವರ ಜನ ಆಣೆ ಇಡುವವರಲ್ಲ. ಹೌದಾದರೆ ಹೌದು, ಇಲ್ಲವಾದರೆ ಇಲ್ಲ. ಅದಕ್ಕಿಂತ ಹೆಚ್ಚು ಹೇಳುವವನ ಮಾತಿನಲ್ಲೇ ಏನೋ ಕೊಳೆಯಿದೆ ಎಂದು ಮಾರ್ಲಿಸ್ ಕೂಡ ಅಮ್ಮನ ಮಡಿಲಲ್ಲಿ ಕಲಿತವಳು. ಅವಳು ಪೆನ್ನು ಎತ್ತಿಕೊಂಡಳು. ರುಜು ಹಾಕದೆ ಕೆಳಗಿಟ್ಟಳು.

"ಸೈಲಸ್‌ದು ಡೈಪರ್ ಒದ್ದೆ ಆಗಿದೆ," ಎಂದು ಹೇಳಿ, ವರ್ಷ ತುಂಬಿದ ಮಗನನ್ನು ಎತ್ತಿಕೊಂಡು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಡೈಪರ್ ಒಣಗಿಯೇ ಇತ್ತು. ತೊಟ್ಟಿಯ ಅಂಚಿನ ಮೇಲೆ ಕೂತು, ಮಗುವನ್ನು ಎದೆಗೆ ಒತ್ತಿಕೊಂಡಳು.

ಆ ಕಾಗದದಲ್ಲಿ ಹೇಳಿದ್ದ ವಂಕಿ ಅವಳ ಒಡಲಲ್ಲೇ ಇತ್ತು.

ಸೈಲಸ್ ಹುಟ್ಟಿದ ವಾರದಲ್ಲಿ ಅವಳಿಗೆ ಮಲಗಿದರೆ ಉಸಿರು ಕಟ್ಟತೊಡಗಿತ್ತು. ಕಾಲು ಬಾತು ಚಪ್ಪಲಿಗೆ ತೂರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದ ಹೃದಯದ ಡಾಕ್ಟರು, ಬಸಿರೇ ಹೃದಯವನ್ನು ಹಿಗ್ಗಿಸಿ ಸಡಿಲ ಮಾಡಿದೆ ಎಂದರು. ಇನ್ನೊಂದು ಬಸಿರಾದರೆ ಬದುಕುವ ಭರವಸೆ ಕೊಡಲಾರೆ. ಸದ್ಯ ಅರಿವಳಿಕೆ ಕೊಟ್ಟು ಮಕ್ಕಳಾಗದಂತೆ ಆಪರೇಷನ್ ಮಾಡುವ ಹಾಗೂ ಇಲ್ಲ. ಹಾರ್ಮೋನು ಇಲ್ಲದ ತಾಮ್ರದ ವಂಕಿಯೊಂದೇ ನಾನು ನೆಚ್ಚುವ ದಾರಿ ಎಂದರು. ಮಾರ್ಲಿಸ್ ಮೂಗಿಗೆ ಕೊಳವೆ ಹಾಕಿಸಿಕೊಂಡು ಗಂಡನ ಕಡೆ ನೋಡಿದಳು. "ಡಾಕ್ಟ್ರು ಹೇಳಿದ ಹಾಗೆ ಮಾಡು," ಎಂದಿದ್ದ ಆರ್ಲಿನ್, ಅಳುತ್ತ. ಆಗ ಕಾರ್ಖಾನೆಯ ವಿಮೆಯಲ್ಲಿ ಅದೂ ಸೇರಿದೆಯೆಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲೀಲಂಡರಿಗೆ ಗೊತ್ತಾದದ್ದು ಆರು ತಿಂಗಳ ಆಮೇಲೆ, ಚರ್ಚಿನಲ್ಲಿ ಯಾರೋ ಕೇಳಿದಾಗ. ಅದೇ ವಾರ ಅವರು ವಿಮೆಯಿಂದ ಅವನ್ನು ತೆಗೆಸಿಹಾಕಿದರು.

ವಂಕಿ ಮೊದಲೇ ತಡೆಯುತ್ತದೆ, ಜೀವ ಕಟ್ಟುವುದಕ್ಕೇ ಬಿಡುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಒಮ್ಮೊಮ್ಮೆ ಹಾಗಾಗದೆ ಇರಬಹುದೇ ಎಂದು ಮಾರ್ಲಿಸ್ ಕೇಳಿದ್ದಳು. ಡಾಕ್ಟರು ಪ್ರಾಮಾಣಿಕರು, ತೀರಾ ಅಪರೂಪ, ಆದರೆ ಖಂಡಿತವಾಗಿ ಹೇಳಲಾರೆ ಎಂದಿದ್ದರು. ಆ ಒಂದು ಮಾತು ಅವಳನ್ನು ತಿಂದುಹಾಕುತ್ತಿತ್ತು. ಪ್ರತಿ ತಿಂಗಳೂ ಮುಟ್ಟಾದಾಗ, ಯಾರಾದರೂ ಬಂದು ಬಾಗಿಲು ತಟ್ಟಿ ಹೋದರೇ ಎಂದು ಯೋಚಿಸುತ್ತ ಕೂತುಬಿಡುತ್ತಿದ್ದಳು. ಹೊರಗೆ ಆರು ವರ್ಷದ ಮಗಳು ಕೈರಾ "ಅಮ್ಮಾ" ಎಂದು ಕೂಗುತ್ತಿದ್ದರೆ, ಹೌದು, ಇವಳಿಗೆ ಅಮ್ಮ ಬೇಕು, ಅದಕ್ಕೇ ಅಲ್ಲವೇ ಎಂದುಕೊಂಡು ಏಳುತ್ತಿದ್ದಳು.

ಅವಳು ಬಚ್ಚಲಿನಿಂದ ಹೊರಗೆ ಬಂದಾಗ ಮೇಜು ಒರೆಸಿ ಆಗಿತ್ತು. "ನನಗೆ ಇನ್ನೊಂದು ಸಲ ಓದಬೇಕು ಅಪ್ಪ. ಮನೆಗೆ ತಗೊಂಡು ಹೋಗ್ಲಾ?" ಎಂದು ಮಾವನನ್ನು ಕೇಳಿದಳು.

"ಓದದೆ ರುಜು ಹಾಕಬಾರದು, ಸರಿ," ಎಂದು ಲೀಲಂಡ್ ಮಗನ ಕಡೆ ನೋಡಿದರು. "ಕೇಳಿಸ್ಕೊಂಡ್ಯೇನೋ?"

ಕಾರಿನಲ್ಲಿ ಮಕ್ಕಳಿಬ್ಬರೂ ನಿದ್ದೆ ಹೋದ ಮೇಲೆ ಆರ್ಲಿನ್ ಬಾಯಿ ಬಿಟ್ಟ.

"ಏನು ಓದೋದಿದೆ ಅದರಲ್ಲಿ? ರುಜು ಹಾಕು, ಮುಗೀತು."

"ಸುಳ್ಳು ಹೇಳಿ ಮುಗಿಸ್ಲಾ?"

"ನಿಂದು ಬೇರೆ. ನಿಂದು ಕಾಯಿಲೆ. ಅಪ್ಪ ಹೇಳ್ತಿರೋದು ಬೇರೆ ಥರದವ್ರ ವಿಷಯ."

"ಯಾವ ಥರದವ್ರು ಆರ್ಲಿನ್? ಕಾಗದದಲ್ಲಿ ಆ ಥರ ಈ ಥರ ಅಂತ ಬರೆದಿಲ್ಲ. ವಂಕಿ ಅಂತ ಬರೆದಿದೆ."

"ಅಪ್ಪನಿಗೆ ಹೇಳೋಕೆ ಹೋಗ್ಬೇಡ, ನಿನ್ನ ದಮ್ಮಯ್ಯ. ಮೂರು ತಿಂಗಳಿಂದ ಮನುಷ್ಯ ಸರಿಯಾಗಿ ನಿದ್ದೆ ಮಾಡಿಲ್ಲ. ಒಡೆದುಹೋಗ್ತಾನೆ."

ಅವಳು ಕಿಟಕಿಯಾಚೆ ನೋಡಿದಳು. ಹೊಲಗಳಲ್ಲಿ ಹಿಮ ಇನ್ನೂ ಪಟ್ಟೆಪಟ್ಟೆಯಾಗಿ ಉಳಿದಿತ್ತು. ತಾನು ಒಡೆದುಹೋದರೆ ಇವನಿಗೆ ಗೊತ್ತಾಗುತ್ತದೆಯೇ ಎಂದು ಯೋಚಿಸಿದಳು.

ಮಾರನೆಯ ದಿನ ಮಾರ್ಲಿಸ್ ನೂಡಲ್ಸ್ ಒಣಗಿಸುವ ಕೋಣೆಯಲ್ಲಿದ್ದಳು. ತೇವ ಎಷ್ಟಿದೆಯೆಂದು ಎಳೆಗಳನ್ನು ಮುರಿದು ನೋಡುವುದು ಅವಳ ಕೆಲಸ. ಬೆಚ್ಚಗೆ, ಹಿಟ್ಟಿನ ವಾಸನೆ ತುಂಬಿದ ಆ ಕೋಣೆಗೆ ಪ್ಯಾಕಿಂಗ್ ವಿಭಾಗದ ಟ್ರೆಸಾ ಬಂದು ಬಾಗಿಲು ಮುಚ್ಚಿದಳು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಟ್ರೆಸಾ ಚರ್ಚಿನ ಕಡೆ ತಲೆ ಹಾಕದವಳು, ಬಾಯಿ ಜೋರು. ಮೂರು ಮಕ್ಕಳ ತಾಯಿ. ಗಂಡ ಡ್ವೇನ್ ಲಾರಿ ಓಡಿಸುತ್ತಿದ್ದ.

"ಏ ಮಾರ್ಲಿಸ್, ನಿಮ್ಮ ಮಾವನ ಹತ್ರ ನನ್ನ ಪರವಾಗಿ ಒಂದು ಮಾತಾಡ್ತೀಯಾ?"

"ಏನಾಯ್ತು?"

"ಕೊನೇ ಹೆರಿಗೆ ಆದ್ಮೇಲೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿತ್ತಲ್ಲ, ನೆನಪಿದೆಯಾ? ನನಗೆ ಮಾತ್ರೆ ಆಗಲ್ಲ. ಬಸಿರು ತಡೆಯೋ ಕಡ್ಡಿ ತೋಳಿಗೆ ಹಾಕಿದ್ರು, ತಿಂಗಳುಗಟ್ಟಲೆ ರಕ್ತ ಹೋಗಿ ತೆಗೆಸಿದೆ. ವಂಕಿ ಹಾಕಿಸ್ಕೋ ಅಂತಾರೆ. ವಿಮೆಯವ್ರಿಗೆ ಫೋನ್ ಮಾಡಿದ್ರೆ, ಮೊದಲು ಇತ್ತು, ನಿಮ್ಮ ಕಂಪನಿಯವ್ರೇ ತೆಗೆಸಿದಾರೆ ಅಂದ್ರು. ಕೈಯಿಂದ ಕೊಡೋಣ ಅಂದ್ರೆ ನನ್ನ ತಿಂಗಳ ಬಾಡಿಗೆಗಿಂತ ಜಾಸ್ತಿ."

"ಡ್ವೇನ್‌ಗೆ ಆಪರೇಷನ್..."

"ಡ್ವೇನಾ?" ಟ್ರೆಸಾ ನಕ್ಕಳು. "ಹೋರಿಗೆ ಮಾಡೋದನ್ನ ನನಗೆ ಮಾಡಿಸ್ತೀಯಾ ಅಂತ ಮೂರು ದಿನ ಮಾತು ಬಿಟ್ಟ. ಹದಿನೆಂಟು ಚಕ್ರದ ಲಾರಿ ಓಡಿಸ್ತಾನೆ, ಸೂಜಿ ಕಂಡ್ರೆ ಬವಳಿ ಬರುತ್ತೆ." ನಗು ಅಲ್ಲಿಗೇ ನಿಂತಿತು. "ನನಗೆ ಹೆದರಿಕೆ ಕಣೇ. ನಿಜವಾಗ್ಲೂ. ಅವನು ಮನೆಗೆ ಬರೋ ದಿನ ಹತ್ತಿರ ಬಂದ್ರೆ, ಬರೋದೇ ಬೇಡ ಅನ್ಸುತ್ತೆ. ನಿಮ್ಮ ಮಾವ ಒಳ್ಳೇವ್ರು. ನಾನು ಆಸ್ಪತ್ರೇಲಿದ್ದಾಗ ಮನೆಗೆ ಅಡಿಗೆ ಕಳಿಸಿದ್ರು. ನೀನು ಹೇಳಿದ್ರೆ ಕೇಳ್ತಾರೆ."

ಮಾರ್ಲಿಸಳ ಕೈಯಲ್ಲಿದ್ದ ನೂಡಲ್ಸ್ ಪುಡಿಪುಡಿಯಾಗಿ ನೆಲಕ್ಕೆ ಉದುರಿತು. ಟ್ರೆಸಾಗೆ ಬೇಕಾದದ್ದು ತನ್ನೊಳಗಿದೆ. ಅದೂ ಇದೇ ಕಾರ್ಖಾನೆಯ ದುಡ್ಡಿನಲ್ಲಿ. ಬಾಗಿಲು ಮುಚ್ಚುವ ಮೊದಲು ಒಳಗೆ ನುಗ್ಗಿದವಳು ತಾನು.

"ನೋಡ್ತೀನಿ," ಎಂದಳು.

ನೋಡುತ್ತೇನೆ ಎಂದವಳು ಮೂರು ವಾರ ಸುಮ್ಮನಿದ್ದಳು. ಕಾಗದ ಅಡಿಗೆಮನೆಯ ಕಪಾಟಿನಲ್ಲಿ, ಸಕ್ಕರೆ ಡಬ್ಬಿಯ ಕೆಳಗಿತ್ತು. ಲೀಲಂಡ್ ಎರಡು ಸಲ ಕೇಳಿದರು. ಎರಡು ಸಲವೂ ಮಗುವಿಗೆ ಜ್ವರ ಎಂದಳು. ಒಂದು ಸಲ ನಿಜವಾಗಿಯೂ ಜ್ವರವಿತ್ತು.

ಅವಳು ಹೃದಯದ ಡಾಕ್ಟರ ಹತ್ತಿರ ಹೋಗಿ, ಇದನ್ನು ತೆಗೆಸಿಬಿಡಿ ಎಂದಳು. ತೆಗೆಸಿಕೊಂಡರೆ ರುಜು ಹಾಕುವಾಗ ಬಾಯಿ ಶುದ್ಧವಿರುತ್ತದೆ ಎಂದು ಅವಳ ಲೆಕ್ಕ. ಡಾಕ್ಟರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

"ನಿನ್ನ ಮಕ್ಕಳ ಹೆಸರೇನು?"

"ಕೈರಾ, ಸೈಲಸ್."

"ಮನೆಗೆ ಹೋಗಿ ಅವರಿಬ್ಬರನ್ನ ಎದುರಿಗೆ ಕೂರಿಸ್ಕೊಂಡು ಇನ್ನೊಂದು ಸಲ ಯೋಚನೆ ಮಾಡು. ತೆಗೀಬೇಕು ಅಂದ್ರೆ ತೆಗೆಸೋಣ, ದೇಹ ನಿಂದು. ಆದ್ರೆ ಮೊದಲು ನಿನ್ನ ಗಂಡ ಆಪರೇಷನ್ ಮಾಡಿಸ್ಕೊಳ್ಳಲಿ. ಹದಿನೈದು ನಿಮಿಷದ ಕೆಲಸ. ಆ ಮಾತೇ ಎತ್ತಿಲ್ವಾ ನೀವಿಬ್ರೂ?"

ಎತ್ತಿರಲಿಲ್ಲ. ಮಾರ್ಲಿಸಳಿಗೆ ಅಲ್ಲಿ ಒಂದು ಬೆಳಕಿನ ಗೆರೆ ಕಂಡಿತು. ಮಾವನಿಗೂ ಅದರ ಬಗ್ಗೆ ತಕರಾರಿಲ್ಲ, ಕಾನೂನಿಗೂ ಇಲ್ಲ, ದೇವರಿಗೂ ಇರಲಾರದು. ದಾರಿಯುದ್ದಕ್ಕೂ ಹಾಡು ಗುನುಗುತ್ತ ಬಂದಳು. ಸಂಜೆ ಆರ್ಲಿನ್ ಕೈ ತೊಳೆಯುತ್ತಿದ್ದಾಗ ಅವನ ಬೆನ್ನ ಹಿಂದೆ ನಿಂತು ಹೇಳಿದಳು.

ಅವನು ನಲ್ಲಿ ನಿಲ್ಲಿಸಲಿಲ್ಲ. "ಅದು ಮಾಡಿಸ್ಕೊಂಡ್ರೆ ಮತ್ತೆ ಸರಿ ಮಾಡೋಕಾಗಲ್ಲ."

"ಸರಿ ಯಾಕೆ ಮಾಡ್ಬೇಕು? ನಮಗೆ ಇನ್ನು ಮಕ್ಕಳಾಗೋ ಹಾಗಿಲ್ಲವಲ್ಲ."

"ನಮಗೆ ಇಲ್ಲ. ಆದ್ರೆ ಒಂದು ವೇಳೆ ನೀನು..." ಅವನು ತಡವರಿಸಿದ. ನೀರು ಸುರಿಯುತ್ತಲೇ ಇತ್ತು. "ನನಗಿನ್ನೂ ಮೂವತ್ತೈದು ಮಾರ್ಲಿಸ್. ಒಂದು ವೇಳೆ ನೀನು ಇಲ್ಲದೆ ಹೋದ್ರೆ..."

ತಾನು ಸತ್ತ ಮೇಲೆ ಇವನ ಮನೆಗೆ ಬರುವ ಹೆಂಗಸು, ಅವಳಿಗೆ ಹುಟ್ಟುವ ಮಕ್ಕಳು, ಎಲ್ಲರೂ ಆ ಅಡಿಗೆಮನೆಯೊಳಗೆ ಬಂದು ನಿಂತಂತಾಯಿತು ಮಾರ್ಲಿಸಳಿಗೆ. ಅವಳು ಕೈ ಚಾಚಿ ನಲ್ಲಿ ನಿಲ್ಲಿಸಿದಳು.

"ನಾನು ಆ ಅರ್ಥದಲ್ಲಿ ಹೇಳ್ಲಿಲ್ಲ," ಎಂದ ಆರ್ಲಿನ್.

"ಬೇರೆ ಯಾವ ಅರ್ಥ ಇದೆ ಅದಕ್ಕೆ?"

ಅಂದಿನಿಂದ ಅವಳು ಮಕ್ಕಳ ಕೋಣೆಯಲ್ಲಿ ಮಲಗತೊಡಗಿದಳು.

ವಾರದ ಕೊನೆಗೆ ಅವಳು ಮಾವನನ್ನು ಹುಡುಕಿಕೊಂಡು ಹೋದಳು. ಲೀಲಂಡ್ ಹಿಟ್ಟು ಕಲಸುವ ಕಡೆ ಒಬ್ಬರೇ ಇದ್ದರು. ತೋಳು ಮಡಚಿ, ಹಳದಿ ಲೋಳೆಯ ದೊಡ್ಡ ಪಾತ್ರೆಗೆ ಬೆಳಕು ಹಿಡಿದು ಚಿಪ್ಪಿನ ಚೂರೇನಾದರೂ ಬಿದ್ದಿದೆಯೇ ಎಂದು ನೋಡುತ್ತಿದ್ದರು. ಎಷ್ಟು ದೊಡ್ಡ ಒಡೆಯರಾದರೂ ಆ ಕೆಲಸವನ್ನು ಅವರು ಬೇರೆಯವರಿಗೆ ಬಿಟ್ಟಿರಲಿಲ್ಲ.

"ಬಂದ್ಯಾ ಮಗು? ಕಾಗದ ತಂದ್ಯಾ?"

"ತಂದಿದೀನಿ. ರುಜು ಹಾಕಿಲ್ಲ. ಹಾಕೋಕಾಗಲ್ಲ ಅಪ್ಪ. ಅದರಲ್ಲಿ ಬರೆದಿರೋದು ನನ್ನೊಳಗಿದೆ."

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು: ಆಸ್ಪತ್ರೆ, ಡಾಕ್ಟರು, ಆರ್ಲಿನನ ಒಪ್ಪಿಗೆ. ಹೇಳುತ್ತ ಹೇಳುತ್ತ ಉಸಿರು ಸಾಲದೆ ಗೋಡೆಗೆ ಒರಗಿದಳು. ಲೀಲಂಡ್ ದೀಪ ಆರಿಸಿ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತರು.

"ನಮ್ಮ ವಿಮೇಲೇ?"

"ಹೌದು."

"ಹಾಗಾದ್ರೆ ನಾನೇ ಕೊಟ್ಟಿದೀನಿ."

"ಹೌದು ಅಪ್ಪ."

ಅವರು ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ನೀನು ಆ ಆಸ್ಪತ್ರೇಲಿ ಮಲಗಿದ್ದಾಗ ನಾನು ಹೊರಗೆ ಕೂತು ಏನು ಬೇಡಿದೆ ಗೊತ್ತಾ? ನನ್ನ ಹತ್ರ ಇರೋದು ಏನಾದ್ರೂ ತಗೋ ಸ್ವಾಮಿ, ಈ ಹುಡುಗೀನ ಉಳಿಸು ಅಂತ. ಅವನು ತಗೊಂಡಿದ್ದು ಇದನ್ನಾ?"

"ನನಗೆ ಗೊತ್ತಿಲ್ಲ. ನನಗೂ ನಿಮ್ಮ ಹಾಗೇ ಅನ್ಸುತ್ತೆ, ಅದೇ ಕಷ್ಟ. ಅದು ಪಾಪ ಅಲ್ಲ ಅಂತ ಅಂದ್ಕೊಂಡಿದ್ರೆ ಯಾವತ್ತೋ ನಿಮಗೆ ಹೇಳಿ ಹಗುರಾಗ್ತಿದ್ದೆ. ಪಾಪ ಅಂತ ಗಟ್ಟಿಯಾಗಿ ಅನ್ನಿಸಿದ್ರೆ ತೆಗೆಸ್ತಿದ್ದೆ. ಎರಡೂ ಆಗ್ತಿಲ್ಲ. ಬೆಳಿಗ್ಗೆ ಎದ್ರೆ ಬದುಕಿದೀನಲ್ಲ ಅಂತ ಖುಷಿಯಾಗುತ್ತೆ. ಆ ಖುಷೀನೇ ನನಗೆ ಹೆದರಿಕೆ."

ಲೀಲಂಡ್ ಅತ್ತರು. ಮೂವತ್ತು ವರ್ಷ ಚರ್ಚಿನ ಹಾಡಿನಲ್ಲಿ ಬಾಸ್ ಎಂಬ ತಗ್ಗು ದನಿಯ ಸಾಲನ್ನು ಹಿಡಿದು ನಿಲ್ಲಿಸಿದ್ದ ಮನುಷ್ಯನಿಂದ ಸಣ್ಣ ಮಗುವಿನಂಥ ಸದ್ದು ಹೊರಟಿತು. ಆಮೇಲೆ ಮುಖ ಒರೆಸಿಕೊಂಡು, ವ್ಯಾಪಾರ ಬಲ್ಲವರಾಗಿ, ಒಂದು ದಾರಿ ಹುಡುಕಿದರು. "ನಿನ್ನ ಹೆಸರು ಬಿಟ್ಟುಬಿಡೋಣ. ನಾಲ್ಕು ಜನ ಸಾಕು ಅಂತ ವಕೀಲನಿಗೆ ಹೇಳ್ತೀನಿ. ಒಡೆತನದಲ್ಲಿರೋ ನಿನ್ನ ಪಾಲನ್ನ ಆರ್ಲಿನ್ ಹೆಸರಿಗೆ ಮಾಡಿದ್ರಾಯ್ತು. ಯಾರೂ ಕೇಳಲ್ಲ. ರೋಡಾಗೆ ಹೇಳೋದು ಬೇಡ."

ಅದು ಕರುಣೆಯೆಂದು ಮಾರ್ಲಿಸಳಿಗೆ ಗೊತ್ತಿತ್ತು. ಆದರೆ ಆ ಕರುಣೆ ತನ್ನೊಬ್ಬಳಿಗೇ ಸಾಕಾಗುವಷ್ಟಿತ್ತು. ಅವಳು ಟ್ರೆಸಾಳ ವಿಷಯ ಹೇಳಿದಳು.

"ಅದು ಬೇರೆ ಮಗು."

"ಹೇಗೆ ಬೇರೆ?"

"ನಿಂದು ನನಗೆ ಗೊತ್ತಿಲ್ಲದೆ ಆಗಿದ್ದು. ಗೊತ್ತಿದ್ದೂ ನಾನು ಕೊಟ್ರೆ, ಕೊಟ್ಟವನು ನಾನಾಗ್ತೀನಿ. ಅವಳಿಗೆ ಬೇರೆ ಏನು ಬೇಕು ಹೇಳು, ನನ್ನ ಜೇಬಿಂದ ಕೊಡ್ತೀನಿ. ಗಂಡನಿಗೆ ಆಪರೇಷನ್ ಮಾಡಿಸ್ಲಿ, ವಿಮೆಯವ್ರು ಪೂರ್ತಿ ಕೊಡ್ತಾರೆ. ಹೆಂಡತಿಗೋಸ್ಕರ ಗಂಡಸಾದವನು ಅಷ್ಟೂ ಮಾಡಲ್ವಾ?"

ಮಾರ್ಲಿಸಳಿಗೆ ನಗು ಬಂತು. ತಡೆಯಲಾಗದೆ ನಕ್ಕಳು; ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಈ ಮಾತನ್ನ ನಿಮ್ಮ ಮಗನಿಗೆ ಹೇಳಿ ಅಪ್ಪ," ಎಂದಳು. "ನಾನು ಸತ್ತ ಮೇಲೆ ಬೇಕಾಗುತ್ತೆ ಅಂತ ಇಟ್ಕೊಂಡಿದಾನೆ."

ಲೀಲಂಡರ ಮುಖ ಬಿಳಿಚಿತು. ಅವಳು ಕಾಗದವನ್ನು ಅವರ ಪಕ್ಕದಲ್ಲಿಟ್ಟು ಹೊರಟಳು.

ನಾಲ್ಕು ರುಜುಗಳೊಂದಿಗೆ ಕೇಸು ದಾಖಲಾಯಿತು. ತೀರ್ಪು ಬರುವವರೆಗೆ ದಂಡ ಹಾಕಬಾರದೆಂದು ನ್ಯಾಯಾಧೀಶರು ತಡೆ ಕೊಟ್ಟರು. ಮಾರ್ಲಿಸಳ ಹೆಸರು ಯಾಕಿಲ್ಲವೆಂದು ಲವಾನ್ ಕೇಳಿದ್ದಕ್ಕೆ, ಅವಳ ಆರೋಗ್ಯ ಸರಿಯಿಲ್ಲ, ಕೋರ್ಟಿಗೆ ಅಲೆಸುವುದು ಬೇಡ ಎಂದು ಲೀಲಂಡ್ ಉತ್ತರ ಕೊಟ್ಟರು. ಆಣೆಯನ್ನೇ ಇಡದ ಆ ಬಾಯಿಂದ ಬಂದ ಮೊದಲ ಅರ್ಧಸುಳ್ಳು ಅದು. ಅದಕ್ಕೆ ತಾನೇ ಕಾರಣವೆಂದು ಮಾರ್ಲಿಸ್ ಕೊರಗಿದಳು.

ಅವರು ಮಗನೊಂದಿಗೂ ಮಾತಾಡಿರಬೇಕು. ತಂದೆ ಮಗ ಕಾರ್ಖಾನೆಯಲ್ಲಿ ಎದುರಾದರೆ ಯಂತ್ರದ ವಿಷಯ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಆದರೆ ಆರ್ಲಿನ್ ಆಪರೇಷನ್ನಿಗೆ ಹೋಗಲಿಲ್ಲ.

ಇಷ್ಟರ ನಡುವೆ ಮಾರ್ಲಿಸ್ ತಾನೇ ಜಿಲ್ಲೆಯ ಸರ್ಕಾರಿ ಕ್ಲಿನಿಕ್ಕಿಗೆ ಫೋನ್ ಮಾಡಿ ಟ್ರೆಸಾಗೆ ದಿನ ಗೊತ್ತು ಮಾಡಿಸಿದ್ದಳು. ಕಮ್ಮಿ ಖರ್ಚಿನಲ್ಲಿ ವಂಕಿ ಹಾಕುವ ಜಾಗ ಅದೊಂದೇ; ಸರದಿ ಉದ್ದವಿತ್ತು. ಕಾದು ಕಾದು ಆ ದಿನ ಬಂದಾಗ ತನ್ನ ಕಾರಿನಲ್ಲೇ ಕರೆದುಕೊಂಡು ಹೋದಳು. ಒಳಗೆ ಹೋದ ಟ್ರೆಸಾ ಬೇಗನೆ ಹೊರಗೆ ಬಂದಳು. ಹಾಕುವ ಮೊದಲು ಬಸಿರಿನ ಪರೀಕ್ಷೆ ಮಾಡುತ್ತಾರಲ್ಲ, ಮಾಡಿದ್ದರು.

"ತಡವಾಯ್ತು," ಎಂದಳು ಟ್ರೆಸಾ. ಕಾರಿನ ಬಾಗಿಲು ಹಿಡಿದು ನಿಂತೇ ಇದ್ದಳು, ಹತ್ತಲಿಲ್ಲ. "ಆಗಲೇ ಬಂದುಬಿಟ್ಟಿದೆ."

ಆ ಮೂರು ವಾರ ತಾನು ಬಾಯಿ ಬಿಟ್ಟಿದ್ದರೆ ಎಂದು ಹಿಂದಿರುಗುವ ದಾರಿಯಲ್ಲಿ ಮಾರ್ಲಿಸ್ ಲೆಕ್ಕ ಹಾಕಿದಳು. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ, ಎಲ್ಲವನ್ನೂ ಅವಳಿಗೆ ಹೇಳಿಬಿಟ್ಟಳು. ತನ್ನ ಒಡಲಲ್ಲಿರುವುದನ್ನೂ ಹೇಳಿದಳು.

"ನೀನು ಹಾಕಿಸ್ಕೊಂಡಿದ್ದು ಸರಿ," ಎಂದಳು ಟ್ರೆಸಾ. "ಆದ್ರೆ ಅವತ್ತು ಆ ಬಿಸಿ ಕೋಣೇಲಿ ನನ್ನನ್ನ ಭಿಕ್ಷೆ ಬೇಡೋಕೆ ಬಿಟ್ಯಲ್ಲ, ಅದು ಸರಿಯಲ್ಲ." ಆಮೇಲೆ, "ನಡಿ, ಮಕ್ಕಳು ಸ್ಕೂಲಿಂದ ಬಂದಿರ್ತಾರೆ," ಎಂದಳು.

ಹೊಟ್ಟೆಯಲ್ಲಿದ್ದದ್ದನ್ನು ತೆಗೆಸುವ ಮಾತು ಟ್ರೆಸಾ ಎತ್ತಲಿಲ್ಲ. ಬಂದಿದೆ, ಇರಲಿ ಎಂದಳು. ರಕ್ತ ಹೆಪ್ಪುಗಟ್ಟದ ಹಾಗೆ ಹೆರಿಗೆಯವರೆಗೂ ದಿನಾ ಹೊಟ್ಟೆಯ ಚರ್ಮಕ್ಕೆ ಸೂಜಿಮದ್ದು ಚುಚ್ಚಿಕೊಳ್ಳಬೇಕಿತ್ತು. ಅವಳಿಗೆ ತನ್ನನ್ನು ತಾನೇ ಚುಚ್ಚಿಕೊಳ್ಳುವುದು ಆಗುತ್ತಿರಲಿಲ್ಲ. ಗಂಡ ಊರಲ್ಲಿರುತ್ತಿರಲಿಲ್ಲ, ಇದ್ದರೂ ಬವಳಿ ಬೀಳುವವನು. ಹಾಗಾಗಿ ಮಧ್ಯಾಹ್ನದ ಊಟದ ಹೊತ್ತಿಗೆ ಒಣಗಿಸುವ ಕೋಣೆಗೆ ಬಂದು ಅಂಗಿ ಎತ್ತಿ ನಿಲ್ಲುತ್ತಿದ್ದಳು. ಮಾರ್ಲಿಸ್ ಚರ್ಮ ಹಿಡಿದೆತ್ತಿ ಚುಚ್ಚುತ್ತಿದ್ದಳು. ಹೊಟ್ಟೆ ದಿನದಿನಕ್ಕೆ ಬಿಗಿಯಾಯಿತು. ಸುತ್ತಲೂ ನೀಲಿ ಕಲೆಗಳು ಬಿದ್ದವು.

"ಇದಕ್ಕೆ ಮಾತ್ರ ನಿಮ್ಮ ಮಾವನ ವಿಮೆ ಚಿಲ್ಲರೆ ಕಾಸೂ ಬಿಡದ ಹಾಗೆ ಕೊಡುತ್ತೆ ನೋಡು," ಎನ್ನುತ್ತಿದ್ದಳು ಟ್ರೆಸಾ. "ಚುಚ್ಚು, ಚುಚ್ಚು. ನೂಡಲ್ಸ್ ಬೆಂದಿದೆಯಾ ಅಂತ ನೋಡೋ ಹಾಗೆ ಚುಚ್ಚಬೇಡ, ಅಷ್ಟೆ."

ಒಂದು ದಿನ ಅವರಿಬ್ಬರೂ ಹಾಗೆ ನಿಂತಿದ್ದಾಗ ಲೀಲಂಡ್ ಬಾಗಿಲು ತೆರೆದರು. ಕಲೆಬಿದ್ದ ಹೊಟ್ಟೆ, ಸೊಸೆಯ ಕೈಯಲ್ಲಿ ಸೂಜಿ. ಅವರು ಮುಖ ತಿರುಗಿಸಿದರು, ಆದರೆ ಹೋಗಲಿಲ್ಲ.

"ನಾನು ದಿನಾ ನಿನ್ನ ಹೆಸರು ಹಿಡಿದು ಪ್ರಾರ್ಥನೆ ಮಾಡ್ತಿದೀನಿ ಟ್ರೆಸಾ," ಎಂದರು ಬಾಗಿಲಿಗೆ ಮುಖಮಾಡಿ.

"ಮಾಡಿ ಲೀಲಂಡ್. ಬೇಡ ಅನ್ನಲ್ಲ," ಎಂದಳು ಅವಳು ಅಂಗಿ ಇಳಿಸುತ್ತ. "ಆದ್ರೆ ಹುಟ್ಟಿದ್ಮೇಲೆ ನೀವೇ ಉಳಿಸಿಕೊಟ್ಟ ಮಗು ಅಂತ ಚರ್ಚಲ್ಲಿ ಎದ್ದು ನಿಂತು ಹೇಳ್ಬೇಡಿ. ಅಷ್ಟು ಮಾಡಿ ಸಾಕು."

ಅವರ ಕಿವಿ ಕೆಂಪಾಯಿತು. ತಲೆಯಾಡಿಸಿ ಹೋದರು.

ಹೆರಿಗೆಯಾದದ್ದು ಚಳಿಗಾಲದ ಒಂದು ಬೆಳಿಗ್ಗೆ. ಹೆಣ್ಣುಮಗು, ಗಟ್ಟಿಮುಟ್ಟಾಗಿತ್ತು. ಆದರೆ ಟ್ರೆಸಾಗೆ ಎರಡು ಗಂಟೆಯಾದ ಮೇಲೆ ಉಸಿರು ಸಿಕ್ಕಿಕೊಂಡಿತು. ಹೆದರಿದ್ದದ್ದೇ ಆಗಿತ್ತು. ಡ್ವೇನನ ಲಾರಿ ನಲವತ್ತು ಮೈಲಿ ಆಚೆ ಹಿಮದಲ್ಲಿ ಸಿಕ್ಕಿಬಿದ್ದಿತ್ತು. ಆರ್ಲಿನ್ ತನ್ನ ಪಿಕಪ್ ತೆಗೆದುಕೊಂಡು ಹೋಗಿ ಕರೆತಂದ. ಆ ದೊಡ್ಡ ದೇಹದ ಮನುಷ್ಯ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು, ಎದುರಿಗೆ ಯಾರಿದ್ದಾರೆಂದೂ ನೋಡದೆ, "ನಾನು ಮಾಡಿಸ್ಕೋಬೇಕಾಗಿತ್ತು, ನಾನು ಮಾಡಿಸ್ಕೋಬೇಕಾಗಿತ್ತು," ಎಂದು ಒಂದೇ ಮಾತನ್ನು ಹೇಳುತ್ತಿದ್ದ. ಆರ್ಲಿನ್ ಅವನ ಪಕ್ಕದಲ್ಲಿ ಕೂತು ನೆಲ ನೋಡುತ್ತಿದ್ದ.

ಲೀಲಂಡ್ ಬಂದರು. ಮಾರ್ಲಿಸಳ ಪಕ್ಕದ ಕುರ್ಚಿಯಲ್ಲಿ ಕೂತರು. ಪ್ರಾರ್ಥನೆಗೆಂದು ಕೈ ಜೋಡಿಸಿದರು, ಬಿಚ್ಚಿದರು, ಮತ್ತೆ ಜೋಡಿಸಿದರು.

"ಏನಂತ ಬೇಡ್ಲಿ ಅಂತ ಗೊತ್ತಾಗ್ತಿಲ್ಲ," ಎಂದರು ಮೆಲ್ಲಗೆ. "ನಾನು ನಂಬಿದ್ದು ತಪ್ಪು ಅಂತ ಈಗಲೂ ಅನ್ನಿಸ್ತಿಲ್ಲ ಮಾರ್ಲಿಸ್. ಬೇಕಾದ್ರೆ ಸುಳ್ಳು ಹೇಳಬಹುದು, ಹೇಳಲ್ಲ. ಆದ್ರೆ ಅವಳು ಹೋಗ್ಬಿಟ್ರೆ ಆ ಮಕ್ಕಳ ಮುಖ ನಾನು ಹೇಗೆ ನೋಡ್ಲಿ?"

ಅವರು ಒಂದು ಸಮಾಧಾನದ ಮಾತಿಗೆ ಕಾಯುತ್ತಿದ್ದರು.

"ನೋಡ್ಬೇಕು ಅಪ್ಪ," ಎಂದಳು. "ನಾನೂ ನೋಡ್ಬೇಕು."

ಟ್ರೆಸಾ ಉಳಿದಳು. ವಾರಗಟ್ಟಲೆ ಮಲಗಿ, ಒಂದು ಶ್ವಾಸಕೋಶ ಅರ್ಧ ಕೆಟ್ಟು, 'ಮೆಟ್ಟಿಲು ಹತ್ತಿದರೆ ನಾಯಿಯ ಹಾಗೆ ತೇಕುತ್ತೇನೆ' ಎಂದು ತಾನೇ ಹಾಸ್ಯ ಮಾಡುವಷ್ಟರ ಮಟ್ಟಿಗೆ ಉಳಿದಳು. ಪ್ಯಾಕಿಂಗಿಗೆ ಮತ್ತೆ ಬರಲಿಲ್ಲ. ಲೀಲಂಡ್ ಕಳಿಸಿದ ಅಡಿಗೆಯನ್ನು ಎರಡು ಸಲ ತೆಗೆದುಕೊಂಡು, ಮೂರನೆಯ ಸಲ ಬಾಗಿಲಲ್ಲೇ ಸಾಕೆಂದಳು. ಮಾರ್ಲಿಸ್ ಹೋದರೆ ಮಾತ್ರ ಮಗುವನ್ನು ಅವಳ ತೊಡೆಯ ಮೇಲೆ ಹಾಕಿ, "ಎತ್ಕೋ, ಇವಳಿಗೋಸ್ಕರ ನನ್ನ ಹೊಟ್ಟೆಗೆ ಚುಚ್ಚಿದವಳು ನೀನೇ," ಎನ್ನುತ್ತಿದ್ದಳು.

ಆ ಬೇಸಿಗೆಯಲ್ಲಿ ದೇಶದ ಅತಿ ದೊಡ್ಡ ಕೋರ್ಟಿನ ತೀರ್ಪು ಇಂಥ ಮನೆತನಗಳ ಪರವಾಗಿ ಬಂತು. ಕಾರ್ಖಾನೆ ಉಳಿಯಿತು, ಎಂಬತ್ತು ಜನರ ಕೆಲಸ ಉಳಿಯಿತು. ಚರ್ಚಿನಲ್ಲಿ ಕೃತಜ್ಞತೆಯ ಹಾಡು ಹಾಡಿದರು. ಮಾರ್ಲಿಸ್ ಹೆಂಗಸರ ಆಲ್ಟೋ ಸಾಲಿನಲ್ಲಿ ನಿಂತು ತುಟಿ ಆಡಿಸಿದಳು, ದನಿ ಹೊರಡಲಿಲ್ಲ. ಗಂಡಸರ ಕಡೆಯೂ ಒಂದು ಬಾಸ್ ದನಿ ಕಮ್ಮಿಯಿದ್ದದ್ದು ಅವಳ ಕಿವಿಗೆ ಗೊತ್ತಾಯಿತು.

ಅದಾದ ಮೇಲಿನ ಒಂದು ಶುಕ್ರವಾರ ಆರ್ಲಿನ್ ಮಧ್ಯಾಹ್ನವೇ ಮನೆಗೆ ಬಂದ. ಕಾಲು ಅಗಲಿಸಿ ನಿಧಾನವಾಗಿ ನಡೆದುಬಂದು ಸೋಫಾದ ಮೇಲೆ ಕೂತು, ಹೆಪ್ಪುಗಟ್ಟಿದ ಬಟಾಣಿಯ ಚೀಲವನ್ನು ತೊಡೆಯ ನಡುವೆ ಇಟ್ಟುಕೊಂಡ.

"ಮಾಡಿಸ್ಕೊಂಡು ಬಂದೆ," ಎಂದ.

ಮಾರ್ಲಿಸ್ ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಸೈಲಸ್‌ನ ಚಮಚ ಇತ್ತು.

"ಯಾರು ಹೇಳಿದ್ರು? ಅಪ್ಪಾನಾ?"

"ಅಪ್ಪ ಹೇಳಿ ವರ್ಷ ಆಯ್ತು." ಅವನು ಚೀಲವನ್ನು ಸರಿಮಾಡಿಕೊಂಡ. "ಡ್ವೇನ್ ಅವತ್ತು ಆಸ್ಪತ್ರೇಲಿ ಕೂತಿದ್ದನಲ್ಲ. ಆ ಕುರ್ಚೀಲಿ ನಾನೂ ಒಂದು ಸಲ ಕೂತಿದ್ದೆ. ಮರೆತಿದ್ದೆ."

"ನೋಯ್ತಿದೆಯಾ?"

"ಹೂಂ."

"ನೋಯ್ಲಿ," ಎಂದಳು. ಚಮಚವನ್ನು ಮೇಜಿನ ಮೇಲಿಟ್ಟು, "ಆ ದಿನ ನೀನು ಆ ಮಾತು ಅಂದಾಗ ಯಾರು ಇದ್ರು ನಿನ್ನ ತಲೇಲಿ? ಯಾರ ಮುಖ?"

"ಯಾರೂ ಇರ್ಲಿಲ್ಲ ಮಾರ್ಲಿಸ್. ದೇವರಾಣೆ..." ಎಂದವನು ನಾಲಿಗೆ ಕಚ್ಚಿಕೊಂಡ. "ಯಾರೂ ಇರ್ಲಿಲ್ಲ. ಖಾಲಿ ಮನೆ ಇತ್ತು. ಅದನ್ನ ನೋಡೋಕಾಗದೆ ಏನೋ ಹೇಳ್ದೆ."

ಅವಳು ಅದನ್ನು ನಂಬಿದಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಫ್ರೀಜರಿನಿಂದ ಇನ್ನೊಂದು ಚೀಲ ತಂದು ಅವನ ಕೈಗೆ ಕೊಟ್ಟಳು. ಕರಗಿದ್ದನ್ನು ತೆಗೆದುಕೊಂಡು ಹೋದಳು.

ಮೂರು ತಿಂಗಳು ಬಿಟ್ಟು ಆರ್ಲಿನನ ಪರೀಕ್ಷೆಯಾಗಿ, ಇನ್ನು ಭಯವಿಲ್ಲ ಎಂದ ಮೇಲೆ ಹೆರಿಗೆ ಡಾಕ್ಟರು ಕೇಳಿದರು: ಈಗ ವಂಕಿ ತೆಗೆಯೋಣವೇ? ಮಾರ್ಲಿಸ್ ಮೇಜಿನ ಮೇಲೆ ಮಲಗಿ ಚಾವಣಿ ನೋಡುತ್ತ, ತೆಗೆಯಿರಿ ಎಂದಳು. ಚಣದ ಕೆಲಸ. ಡಾಕ್ಟರು ಅದನ್ನು ತಟ್ಟೆಯಲ್ಲಿಟ್ಟು ತೋರಿಸಿದರು. ಬೆರಳುದ್ದದ ದಾರದ ತುದಿಯಲ್ಲಿ, ಕೂದಲಿನಷ್ಟು ತೆಳ್ಳಗಿನ ತಾಮ್ರ ಸುತ್ತಿದ ಪುಟ್ಟ ಕಡ್ಡಿ. ಅಷ್ಟೇ ಇತ್ತು ಅದು. ಅವಳು ಬಟ್ಟೆ ಹಾಕಿಕೊಳ್ಳುವಾಗ ಅತ್ತಳು. ಆಮೇಲೆ ಕೈರಾಳನ್ನು ಸ್ಕೂಲಿನಿಂದ ಕರೆತರುವ ಹೊತ್ತಾಗಿತ್ತು, ಹೊರಟಳು.